ಮೊದಲು ಬೀರುವಿನ ಬೀಗ ತೆಗೆಯಿರಿ

ಮೈಸೂರಿನ ರಾಜೀವ್‌ನಗರದಲ್ಲಿ 2011ರಲ್ಲಿ ಸೈಯದ್ ಇಸಾಕ್ ಒಂದು ಗ್ರಂಥಾಲಯ ತೆರೆದರು. ಬಡತನದಿಂದಾಗಿ ಶಾಲೆಯ ಮೆಟ್ಟಿಲು ಹತ್ತಲಾಗದೆ, ಒಳಚರಂಡಿ ಸ್ವಚ್ಛಗೊಳಿಸುವಂಥ ಕೂಲಿ ಕೆಲಸ ಮಾಡಿ ಬದುಕಿದವರು ಅವರು. ಕಟ್ಟಡ ಅಂದರೆ ಒಂದು ಶೆಡ್ಡು. ಒಳಗೆ ದಿನಪತ್ರಿಕೆಗಳು, ಪುಸ್ತಕಗಳು. ಯಾರು ಬೇಕಾದರೂ ಬಂದು ಪುಕ್ಕಟೆಯಾಗಿ ಓದಬಹುದಿತ್ತು. 2021ರ ಏಪ್ರಿಲ್ 9ರ ನಸುಕಿನಲ್ಲಿ ಆ ಶೆಡ್ಡಿಗೆ ಬೆಂಕಿ ಬಿದ್ದು ಸುಮಾರು 11,000 ಪುಸ್ತಕಗಳು ಸುಟ್ಟುಹೋದವು. ಮತ್ತೆ ಕಟ್ಟುತ್ತೇನೆ ಎಂದು ಇಸಾಕ್ ನಿಂತಾಗ ನಾಡಿನ ಒಳಗಿನಿಂದಲೂ ಹೊರಗಿನಿಂದಲೂ ನೆರವು ಹರಿದುಬಂತು.

ಕೂಲಿಯ ದುಡಿಮೆಯಲ್ಲಿ ಒಬ್ಬರು ಹತ್ತು ವರ್ಷ ಇಂಥ ಜಾಗವನ್ನು ನಡೆಸಬಲ್ಲರಾದರೆ, ಗೋಡೆ, ಸೂರು, ಮೇಷ್ಟರು ಎಲ್ಲ ಇರುವ ಶಾಲೆಗೆ ಅದು ಅಸಾಧ್ಯವೇ? ಪುಸ್ತಕಗಳು ಶಾಲೆಯಲ್ಲೂ ಇರುತ್ತವೆ. ಆದರೆ ಎಷ್ಟೋ ಕಡೆ ಅವು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನೊಳಗೆ, ಬೀಗದ ಹಿಂದೆ ಕೂತಿರುತ್ತವೆ.

ಬೀಗ ಹಾಕುವುದು ಯಾಕೆ?

ಭಯದಿಂದ. ಒಂದು ಪುಸ್ತಕ ಕಳೆದರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು, ವರ್ಗವಾದಾಗ ದಾಸ್ತಾನು ವಹಿಯ ಪ್ರಕಾರ ಎಣಿಸಿ ಚಾರ್ಜ್ ಕೊಡಬೇಕಾದವರು ಆ ಶಿಕ್ಷಕರೇ. ಈ ಭಯವನ್ನು ತಪ್ಪು ಎನ್ನಲಾಗದು. ಅದನ್ನು ಮೊದಲು ಕಳೆಯಬೇಕು.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಇದಕ್ಕೊಂದು ಅಳತೆ ಕೊಟ್ಟಿವೆ. 215ನೇ ನಿಯಮದಂತೆ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಕಾರಣವಾಗಿರಬಾರದು, ಅಷ್ಟೇ. 1,000 ರೂಪಾಯಿಗಿಂತ ಹೆಚ್ಚು ಬೆಲೆಯವು ಮತ್ತು ಅಪರೂಪದವು ಕಳೆದರೆ ಮಾತ್ರ ವಿಚಾರಣೆ ತಪ್ಪದು. ಇದು ಕೇಂದ್ರದ ಸಂಸ್ಥೆಗಳಿಗೆ ಮಾಡಿದ ನಿಯಮ. ಆದರೆ ರಾಜ್ಯದ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸಭೆ ಇದನ್ನೇ ಮಾದರಿಯಾಗಿಟ್ಟುಕೊಂಡು ಒಂದು ನಡಾವಳಿ ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರಬಹುದು. ಹೊಣೆ ಒಬ್ಬರ ತಲೆಯಿಂದ ಇಳಿದು ಸಮಿತಿಯದಾದಾಗ ಬೀಗ ತೆಗೆಯುವ ಕೈಗೆ ಧೈರ್ಯ ಬರುತ್ತದೆ.

ಪುಸ್ತಕದ ಮುಖ ಕಾಣಲಿ

ಬೀರುವಿನಲ್ಲಿ ಮಗುವಿಗೆ ಕಾಣುವುದು ಪುಸ್ತಕದ ಬೆನ್ನು ಮಾತ್ರ. ತೆಳು ಪುಸ್ತಕಕ್ಕೆ ಅದೂ ಇಲ್ಲ. ಗೋಡೆಯುದ್ದಕ್ಕೂ, ನೆಲದಿಂದ ಸುಮಾರು ಮೂರಡಿ ಎತ್ತರದಲ್ಲಿ ನೈಲಾನ್ ಹಗ್ಗ ಬಿಗಿಯಿರಿ. ಮೂರ್ನಾಲ್ಕು ಅಡಿಗೊಂದು ಮೊಳೆ ಇರಲಿ, ಇಲ್ಲದಿದ್ದರೆ ಹಗ್ಗ ಜೋಲುತ್ತದೆ. ನಡುವೆ ಪಿನ್ ಹೊಡೆದ ಹದಿನಾರು, ಇಪ್ಪತ್ತನಾಲ್ಕು ಪುಟದ ಚಿತ್ರಪುಸ್ತಕಗಳಿಗೆ ಕ್ಲಿಪ್ಪೂ ಬೇಡ. ಮಧ್ಯದ ಪುಟ ಬಿಡಿಸಿ ಹಗ್ಗದ ಮೇಲೆ ಒಗೆದ ಬಟ್ಟೆಯ ಹಾಗೆ ಹಾಕಿದರೆ ಸಾಕು, ಮುಖಪುಟ ಹೊರಗೆ ಕಾಣುತ್ತದೆ. ದಪ್ಪ ಪುಸ್ತಕಗಳನ್ನು ಹಣ್ಣಿನಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಯಲ್ಲಿ ಮುಖ ಮುಂದಾಗಿಸಿ ನಿಲ್ಲಿಸಿ. ಎಲ್ಲವನ್ನೂ ಒಮ್ಮೆಗೇ ಹೊರಗಿಡಬೇಡಿ. ಮೂವತ್ತು ನಲವತ್ತು ಇಟ್ಟು ಪ್ರತಿ ಸೋಮವಾರ ಬದಲಿಸಿ.

ಹಳೆಯ ಪಠ್ಯಪುಸ್ತಕ, ಗೈಡು, ಸುತ್ತೋಲೆಗಳನ್ನು ಬೇರೆ ಕಡೆ ಸಾಗಿಸಿ. ಉಳಿದವನ್ನು ಮೂರು ಪಾಲು ಮಾಡಿ: ಚಿತ್ರವೇ ಹೆಚ್ಚಿರುವವು, ಸಣ್ಣ ವಾಕ್ಯದವು, ದೊಡ್ಡ ಕಥೆಯವು. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಇನ್ಸುಲೇಷನ್ ಟೇಪನ್ನು ಕೆಂಪು, ಹಸಿರು, ನೀಲಿಯಲ್ಲಿ ತಂದು ಬೆನ್ನಿಗೊಂದು ಪಟ್ಟಿ ಅಂಟಿಸಿದರೆ ಎರಡನೇ ತರಗತಿಯ ಮಗುವೂ ತನ್ನ ಪುಸ್ತಕವನ್ನು ತಾನೇ ಹುಡುಕಿಕೊಳ್ಳುತ್ತದೆ. ಆದರೆ ಐದನೇ ತರಗತಿಯ ಹುಡುಗ ಚಿತ್ರಪುಸ್ತಕ ತೆಗೆದುಕೊಂಡರೆ ತಡೆಯಬೇಡಿ.

ಕೂರುವ ಜಾಗ, ಬರುವ ಹೊತ್ತು

ಕುರ್ಚಿ ಬೇಡ. ಬೆಳಕು ಬೀಳುವ ಕಿಟಕಿಯ ಕೆಳಗೆ ಒಂದು ಜಮಖಾನ ಹಾಸಿ. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಜಗಲಿಯ ಮೂಲೆಯೂ ಆದೀತು. ಬಿಸಿಯೂಟ ಮುಗಿದ ಮೇಲಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಬಾಗಿಲಲ್ಲಿ ಒಂದು ಟವೆಲ್ ತೂಗುಹಾಕಿ. ಸಾಂಬಾರಿನ ಕೈ ತೊಳೆದು ಒರೆಸಿಕೊಂಡು ಒಳಗೆ ಬರುವುದೊಂದೇ ಅಲ್ಲಿನ ಕಟ್ಟುಪಾಡಾಗಲಿ. ಮಾತಾಡಬೇಡ ಎನ್ನುವ ಬೋರ್ಡು ಬೇಡ. ಇಬ್ಬರು ಒಂದೇ ಪುಸ್ತಕಕ್ಕೆ ತಲೆ ಹಚ್ಚಿ ಪಿಸುಗುಟ್ಟುವುದೂ ಓದೇ.

ವಹಿ ಮಕ್ಕಳ ಕೈಯಲ್ಲಿ

ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ಹೆಸರು, ಪುಸ್ತಕದ ಸಂಖ್ಯೆ, ವಾಪಸು ಬಂದ ದಿನ ಎಂದು ನಾಲ್ಕು ಕಾಲಂ ಸಾಕು. ಪ್ರತಿ ತರಗತಿಯಿಂದ ಇಬ್ಬರು ಮಕ್ಕಳು ಸರದಿಯಂತೆ ಅದನ್ನು ಬರೆಯಲಿ. ಹರಿದ ಪುಸ್ತಕಕ್ಕೆ ದಂಡ ಹಾಕಿದರೆ ಮಗು ಅದನ್ನು ಬಚ್ಚಿಡುತ್ತದೆ. ಅದರ ಬದಲು 'ಪುಸ್ತಕದ ಆಸ್ಪತ್ರೆ' ಎಂದು ಒಂದು ಪೆಟ್ಟಿಗೆ ಇಟ್ಟು, ಶನಿವಾರ ಮಕ್ಕಳೊಂದಿಗೇ ಕೂತು ತೆಳುಕಾಗದ, ಬಿಳಿ ಅಂಟು ಹಚ್ಚಿ ಸರಿಮಾಡಿ. ಸೆಲ್ಲೋಟೇಪ್ ಬೇಡ, ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ ಕಾಗದವನ್ನೂ ಕೆಡಿಸುತ್ತದೆ.

ಹೊಸ ಪುಸ್ತಕ ಎಲ್ಲಿಂದ?

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಕನ್ನಡ ಪುಸ್ತಕ ಪ್ರಾಧಿಕಾರ ರಾಜ್ಯೋತ್ಸವದ ನವೆಂಬರ್‌ನಲ್ಲಿ ತನ್ನ ಪ್ರಕಟಣೆಗಳನ್ನು ರಿಯಾಯಿತಿ ಬೆಲೆಗೆ ಮಾರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತ. ಅವನ್ನು ಮುದ್ರಿಸಿಕೊಳ್ಳಲೂ ಅನುಮತಿಯಿದೆ. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಬದಲು ಒಂದು ಪುಸ್ತಕ ಕೊಡಿ ಎಂದು ಪೋಷಕರ ಸಭೆಯಲ್ಲಿ ಕೇಳಿ, ಕೊಟ್ಟ ಮಗುವಿನ ಹೆಸರನ್ನು ಒಳಪುಟದಲ್ಲಿ ಬರೆಯಿರಿ.

ಅರ್ಧಕ್ಕೆ ನಿಲ್ಲಿಸಿ

ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳಿ. ಕಥೆ ಬಿಗಿಯಾದ ಕಡೆ ನಿಲ್ಲಿಸಿ, ಪುಸ್ತಕವನ್ನು ಹಗ್ಗದ ಮೇಲೆ ಹಾಕಿ ಹೊರಡಿ. ಮುಂದೇನಾಯಿತು ಎಂಬ ಕುತೂಹಲವೇ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಓದಿದ್ದಕ್ಕೆಲ್ಲ ಸಾರಾಂಶ ಬರೆಸಿದರೆ ಮಾತ್ರ ಕಥೆಯೂ ಇನ್ನೊಂದು ಪಾಠವಾಗಿಬಿಡುತ್ತದೆ.

ವರ್ಷದ ಕೊನೆಗೆ ಕಳೆದ ಪುಸ್ತಕಗಳ ಪಟ್ಟಿ ಮಾಡುವಾಗ ಇನ್ನೊಂದು ಪಟ್ಟಿಯನ್ನೂ ಮಾಡಿ: ಒಮ್ಮೆಯೂ ಯಾರ ಮನೆಗೂ ಹೋಗದ ಪುಸ್ತಕಗಳದು. ದೊಡ್ಡ ನಷ್ಟ ಅದೇ. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ, ಹಗ್ಗದ ಮೇಲೆ ಮೊದಲು ಅವನ್ನೇ ಹಾಕಿ.