ಡ್ರೀಮ್ ಟೀಮ್ ಮತ್ತು ಏಳೂಮುಕ್ಕಾಲು ಕೋಟಿ

ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಕ್ರಿಕೆಟ್ ಹಾವೇರಿ, ರಾಣೆಬೆನ್ನೂರಿನ ಹುಡುಗರಿಗೆ ಹೊಸದೇನಲ್ಲ. ಎರಡೂ ತಂಡಗಳ 22 ಆಟಗಾರರಲ್ಲಿ 11 ಮಂದಿಯನ್ನು 100 ಕ್ರೆಡಿಟ್ ಒಳಗೆ ಆರಿಸಬೇಕು. ಕ್ಯಾಪ್ಟನ್‌ಗೆ ಎರಡು ಪಟ್ಟು ಅಂಕ, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು.

"ಪಿಚ್ ನೋಡ್ತೀವಿ, ಫಾರ್ಮ್ ನೋಡ್ತೀವಿ, ಇದು ಸ್ಕಿಲ್ ಗೇಮ್" ಅಂತ ಗೆಳೆಯರು ವಾದಿಸುತ್ತಾರೆ. ಪೂರ್ತಿ ಸುಳ್ಳಲ್ಲ. ಆದರೆ ನಾವು ಎಂಜಿನಿಯರಿಂಗ್‌ನವರು. ಪಿಯುಸಿಯ ಕಾಂಬಿನೇಷನ್ ಒಮ್ಮೆ ಹಾಕಿ ನೋಡೋಣ. 22ರಲ್ಲಿ 11 ಆರಿಸಲು 7,05,432 ದಾರಿಗಳಿವೆ. ಪ್ರತಿ ತಂಡದಲ್ಲೂ ಕ್ಯಾಪ್ಟನ್, ವೈಸ್ ಕ್ಯಾಪ್ಟನ್ ಆಯ್ಕೆಗೆ 110 ದಾರಿ. ಗುಣಿಸಿದರೆ ಸುಮಾರು ಏಳೂಮುಕ್ಕಾಲು ಕೋಟಿ! ಕ್ರೆಡಿಟ್ ಮಿತಿಯಿಂದ ಇದು ಕಡಿಮೆಯಾದರೂ, ಲಕ್ಷಾಂತರ ಜನ ಆಡುವ ಕಾಂಟೆಸ್ಟ್‌ನಲ್ಲಿ ಮೊದಲ ಬಹುಮಾನಕ್ಕೆ ಜಾಣತನವೊಂದೇ ಸಾಲದು, ಅದೃಷ್ಟವೂ ಬೇಕು. ಕಂಪನಿಗೆ ಆ ಚಿಂತೆ ಇಲ್ಲ. ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ರೇಟ್ ಏರಲಿ, ಇಳಿಯಲಿ, ದಲಾಲರ ಕಮಿಷನ್ ಇದ್ದೇ ಇರುತ್ತದಲ್ಲ, ಹಾಗೆ.

ಇನ್ನು ಕಾನೂನು. 2021ರಲ್ಲಿ ಕರ್ನಾಟಕ ಇಂಥ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಡ್ರೀಮ್11 ತನ್ನ ಹಣದ ಕಾಂಟೆಸ್ಟ್‌ಗಳನ್ನು ನಿಲ್ಲಿಸಿತು. ಈ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ, ಬರೀ ಆಡಿದವರಿಗಲ್ಲ.

ಹಾಗಂತ ಆಡುವವರು ಸೇಫ್ ಅಂದುಕೊಳ್ಳಬೇಡಿ. ಈಗ "ಎಂಟ್ರಿ ಫೀ ಹಾಕಿ" ಅಂತ ಕರೆಯುವ ಆಪ್, ಟೆಲಿಗ್ರಾಂ ಗುಂಪು ಕಾನೂನಿನ ಹೊರಗಿನವು. ಗೆದ್ದ ದುಡ್ಡು ಕೊಡದಿದ್ದರೆ ಯಾರನ್ನು ಕೇಳ್ತೀರಿ? ಮೆಸ್ ಬಿಲ್‌ಗೆಂದು ಮನೆಯಿಂದ ಬಂದ ದುಡ್ಡು ಮೆಸ್‌ಗೇ ಹೋಗಲಿ. ಟೀಮ್ ಕಟ್ಟುವ ಖುಷಿ ಬೇಕಿದ್ದರೆ ಗೆಳೆಯರೊಂದಿಗೆ ಪುಕ್ಕಟೆ ಆಡಿ.