ಮುರಿದದ್ದು ಒಂದೇ ಮೂಳೆಯೇ?

ಮಿಲಾನಿನ ಶಸ್ತ್ರವೈದ್ಯ ಜಿಯೊವಾನಿ ಬತ್ತಿಸ್ತಾ ಮಾಂಟೇಜಿಯಾ ತಾನೇ ಎಡವಿದ ಪ್ರಕರಣವೊಂದನ್ನು 1814ರಲ್ಲಿ ಬರೆದಿಟ್ಟ. ಬಿದ್ದು ಮುಂಗೈಗೆ ಪೆಟ್ಟು ಮಾಡಿಕೊಂಡ ಹುಡುಗಿಗೆ ಅಲ್ನಾ ಮೂಳೆಯ ಮೇಲ್ಭಾಗವಷ್ಟೇ ಮುರಿದಿದೆ ಎಂದುಕೊಂಡು ಪಟ್ಟಿ ಕಟ್ಟಿದ್ದ. ತಿಂಗಳಾದ ಮೇಲೆ ಕೈ ಚಾಚಿಸಿ ನೋಡಿದರೆ ಪಕ್ಕದ ರೇಡಿಯಸ್ ಮೂಳೆಯ ತಲೆ ಮೊಣಕೈ ಕೀಲಿನಿಂದ ಹೊರಬಂದು ಉಬ್ಬಿತ್ತು. ಒತ್ತಿದರೂ ನಿಲ್ಲಲಿಲ್ಲ. ಎಕ್ಸ್-ರೇ ಬರಲು ಇನ್ನೂ 81 ವರ್ಷವಿತ್ತು, ಆತನನ್ನು ಕ್ಷಮಿಸಬಹುದು. ಇಂದು ಆ ಪೆಟ್ಟಿಗೆ ಆತನದೇ ಹೆಸರು.

ಎಕ್ಸ್-ರೇ ಬಂದ ಮೇಲೂ "ಒಂದೇ ಮೂಳೆ ಮುರಿದಿದೆ, ಪ್ಲಾಸ್ಟರ್ ಸಾಕು" ಎಂಬ ನಂಬಿಕೆ ಹೋಗಿಲ್ಲ. ಮುಂಗೈಯ ಈ ಎರಡು ಮೂಳೆಗಳು ಮೇಲೆ ಮೊಣಕೈಯಲ್ಲಿ, ಕೆಳಗೆ ಮಣಿಕಟ್ಟಿನಲ್ಲಿ ಕೂಡಿಕೊಂಡು ಬಳೆಯಂತಿವೆ. ಗಾಜಿನ ಬಳೆ ಒಂದೇ ಕಡೆ ಒಡೆಯುವುದು ಅಪರೂಪ. ಒಂದು ಮೂಳೆ ಮುರಿದು ಮೋಟಾದರೆ ಇನ್ನೊಂದು ಕೀಲು ತಪ್ಪಿ ಜಾಗ ಬಿಡಬೇಕಾಗುತ್ತದೆ. ಮಿಲಾನಿನಲ್ಲೇ ವೈದ್ಯನಾಗಿದ್ದ ರಿಕಾರ್ಡೊ ಗಲಿಯಾಜಿ 1934ರಲ್ಲಿ ಮಾಂಟೇಜಿಯಾ ಪೆಟ್ಟಿನ ತಲೆಕೆಳಗಾದ ರೂಪವನ್ನು 18 ರೋಗಿಗಳಲ್ಲಿ ವಿವರಿಸಿದ: ರೇಡಿಯಸ್ ಮುರಿಯುತ್ತದೆ, ಮಣಿಕಟ್ಟಿನ ಬಳಿ ಕೀಲು ಜಾರುತ್ತದೆ. ಹಾಗಾಗಿ ಮೊಣಕೈ, ಮಣಿಕಟ್ಟು ಎರಡೂ ಕಾಣುವಂತೆ, ಎರಡು ಕೋನದಿಂದ ಎಕ್ಸ್-ರೇ ಬೇಕು.

"ಬೆರಳಾಡುತ್ತಿವೆ, ಏನೂ ಆಗಿಲ್ಲ" ಎಂಬ ಸಮಾಧಾನವೂ ಹುಸಿ. ಕೀಲು ತಪ್ಪಿದ್ದರೂ ಮಗು ಬೆರಳಾಡಿಸಬಲ್ಲದು. ತೊಂದರೆ ಗೊತ್ತಾಗುವುದು ಅಂಗೈ ತಿರುಗಿಸುವಾಗ, ಉದಾಹರಣೆಗೆ ತೀರ್ಥಕ್ಕೆ ಕೈಯೊಡ್ಡುವಾಗ. ಬೇಗ ಗೊತ್ತಾದರೆ ಮಕ್ಕಳಲ್ಲಿ ಅಲ್ನಾವನ್ನು ನೇರ ಮಾಡಿದೊಡನೆ ರೇಡಿಯಸ್ ತಲೆ ಬಹುಮಟ್ಟಿಗೆ ತಾನಾಗಿ ಕೂರುತ್ತದೆ, ಪ್ಲಾಸ್ಟರೇ ಸಾಕಾಗಬಹುದು. ತಿಂಗಳುಗಟ್ಟಲೆ ಕಳೆದರೆ ಕೂಡಿಕೊಂಡ ಮೂಳೆಯನ್ನೇ ಮತ್ತೆ ಕತ್ತರಿಸಿ ಸರಿಪಡಿಸಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಮೊದಲಿಗೇ ಪ್ಲೇಟು, ಸ್ಕ್ರೂ.

ನಾಟಿ ಕಟ್ಟಿನ ಊರುಗಳಲ್ಲಿ ಇನ್ನೊಂದು ಮಾತಿದೆ: ಬಿಗಿದಷ್ಟೂ ಗಟ್ಟಿ. ಊದಿದ ಕೈಗೆ ಬಿಗಿ ಕಟ್ಟು ಬಿದ್ದರೆ ರಕ್ತ ಹೋಗದೆ ಸ್ನಾಯುಗಳು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತವೆ. ಆಮೇಲೆ ಬೆರಳು ಮಡಚಿಕೊಂಡೇ ಉಳಿಯುವ ಸ್ಥಿತಿಯನ್ನು ಜರ್ಮನಿಯ ಫೋಕ್‌ಮನ್ 1881ರಲ್ಲೇ ವಿವರಿಸಿದ್ದ. ಬೆರಳು ಚಾಚಿಸಿದಾಗ ಜೀವ ಹೋಗುವಂಥ ನೋವು ಅಪಾಯದ ಮೊದಲ ಸೂಚನೆ. ಪ್ಲಾಸ್ಟರ್ ಆದರೂ ಅಷ್ಟೇ, ಆ ಕ್ಷಣವೇ ಸಡಿಲಿಸಬೇಕು.

ಇನ್ನು ಕೋರ್ಟಿನ ವಿಷಯ. ಕೈ ಸೊಟ್ಟಗಾಯಿತು ಎಂದಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಪ್ರಶ್ನಿಸುವಂತಿಲ್ಲ ಎಂಬುದೂ ಸುಳ್ಳು. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಕ್ರಿಮಿನಲ್ ಮೊಕದ್ದಮೆಗೆ ತೀವ್ರ ನಿರ್ಲಕ್ಷ್ಯವೇ ಇರಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಗೆರೆ ಎಳೆಯಿತು.

ವೈದ್ಯರು ಹೆಚ್ಚಾಗಿ ಸಿಕ್ಕಿಬೀಳುವುದು ಬರೆಯದೇ ಬಿಟ್ಟದ್ದರಲ್ಲಿ. ಮಾಂಟೇಜಿಯಾ ಪೆಟ್ಟಿನಲ್ಲಿ ಬೆರಳು ಚಾಚಿಸುವ ನರ ಬಿದ್ದಾಗಲೇ ಜಜ್ಜಿಹೋಗಿರಬಹುದು, ಬಹಳ ಸಲ ಅದು ತಾನಾಗಿ ಚೇತರಿಸಿಕೊಳ್ಳುತ್ತದೆ ಕೂಡ. ಆದರೆ ಆಪರೇಷನ್‌ಗೆ ಮುಂಚೆ "ಹೆಬ್ಬೆರಳು ಮೇಲೆತ್ತಲು ಆಗುತ್ತಿಲ್ಲ" ಎಂದು ಕೇಸ್ ಶೀಟಿನಲ್ಲಿ ಬರೆದಿರದಿದ್ದರೆ ಆಮೇಲೆ ದೂರೆಲ್ಲ ಕತ್ತಿಯ ಮೇಲೆಯೇ. ರೋಗಿ ಕೇಳಿದರೆ ಆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮ ಹೇಳುತ್ತದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ 2 ವರ್ಷದ ಗಡುವಿದೆ.