ಪ್ರಶ್ನೆಗೂ ಸ್ಥಾನವಿರಲಿ: ಸಾರ್ವಜನಿಕ ಚರಿತ್ರೆಯ ಅಂತರ್ಜಾಲ ಸಮ್ಮೇಳನ

ಚರಿತ್ರೆಯ ಅಧ್ಯಯನವನ್ನು ವಿಶ್ವವಿದ್ಯಾಲಯದ ಆವರಣದಿಂದ ಆಚೆಗೆ ಒಯ್ದು, ಜನರೊಡನೆ ಹಾಗೂ ಜನರಿಗಾಗಿ ನಡೆಸುವ ಕಾರ್ಯವನ್ನು ಸಾರ್ವಜನಿಕ ಚರಿತ್ರೆ ಎನ್ನುತ್ತಾರೆ. ರೂಢಿಯ ವಿಚಾರಸಂಕಿರಣದಲ್ಲಿ ಪ್ರಬಂಧ ಮಂಡನೆಯೇ ಬಹುಪಾಲು ಸಮಯವನ್ನು ತೆಗೆದುಕೊಳ್ಳುತ್ತದೆ. ಕೇಳುಗರ ಪ್ರಶ್ನೆಗೆ ಉಳಿಯುವುದು ಕೆಲವೇ ನಿಮಿಷ. ಸಾರ್ವಜನಿಕ ಚರಿತ್ರೆಯ ಸಮ್ಮೇಳನಕ್ಕೆ ಈ ಕ್ರಮವು ಒಗ್ಗದು. ಅಲ್ಲಿ ಪ್ರಶ್ನೆಯೇ ಅರ್ಧ ಕಾರ್ಯಕ್ರಮ.

ಜನಸಾಮಾನ್ಯರ ಪ್ರಶ್ನೆಗಳಿಗೆ ಚರಿತ್ರೆಯನ್ನು ಬಲ್ಲವರು ಆಧಾರಸಹಿತವಾಗಿ ಉತ್ತರಿಸುವ ಆಸ್ಕ್‌ಹಿಸ್ಟೋರಿಯನ್ಸ್ ಎಂಬ ಸಮುದಾಯವು 2020ರ ಸೆಪ್ಟೆಂಬರ್‌ನಲ್ಲಿ, ಕೊರೊನಾ ಪಿಡುಗಿನ ನಡುವೆ, ಮೂರು ದಿನಗಳ ಅಂತರ್ಜಾಲ ಸಮ್ಮೇಳನವನ್ನು ನಡೆಸಿತು. ಕ್ಷೋಭೆ, ಕ್ರಾಂತಿ ಮತ್ತು ಪರಿವರ್ತನೆಗಳ ಚರಿತ್ರೆಯು ಅದರ ವಿಷಯವಾಗಿತ್ತು. ಗೋಷ್ಠಿಗಳ ವಿಡಿಯೊಗಳನ್ನು ಮುಂಚಿತವಾಗಿ ಸಿದ್ಧಪಡಿಸಿ, ಪ್ರಶ್ನೋತ್ತರವನ್ನು ಬರವಣಿಗೆಯಲ್ಲಿ ನಡೆಸಲಾಯಿತು. ಈ ಕ್ರಮದ ಲಾಭಗಳು ಸ್ಪಷ್ಟ. ನೋಡುಗರು ತಮ್ಮ ಬಿಡುವಿನಲ್ಲಿ ಉಪನ್ಯಾಸವನ್ನು ಕೇಳಬಹುದು. ಸಂಪರ್ಕ ಕಡಿದುಹೋದರೂ ಮಾತು ನಷ್ಟವಾಗದು. ಸಭೆಯಲ್ಲಿ ಎದ್ದು ಮಾತನಾಡಲು ಅಂಜುವವರೂ ಪ್ರಶ್ನೆಯನ್ನು ಬರೆದು ಕಳುಹಿಸಬಹುದು. ವಿದ್ವಾಂಸರೂ ಯೋಚಿಸಿ ಉತ್ತರಿಸಬಹುದು.

ನಮ್ಮ ಸಭಾ ಚರಿತ್ರೆಗೆ ಈ ಮಾದರಿಯು ಬಹಳ ಪ್ರಯೋಜನಕರವಾದದ್ದು. 1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಬಾಸೆಲ್ ಮಿಷನ್ನಿನ ಪತ್ರಗಳೂ ಛಾಯಾಚಿತ್ರಗಳೂ ಬಹುಮಟ್ಟಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲಾಗಾರದಲ್ಲಿವೆ. ಪತ್ರಗಳಲ್ಲಿ ಹೆಚ್ಚಿನವು ಹಳೆಯ ಜರ್ಮನ್ ಕೈಬರಹದಲ್ಲಿರುವುದರಿಂದ ಅವನ್ನು ಓದಬಲ್ಲವರು ವಿರಳ. ಆದರೆ 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರ ನೆನಪುಗಳು ಉಳಿದಿರುವುದು ಇಲ್ಲಿನ ಮನೆಗಳಲ್ಲಿ. ಪತ್ರವನ್ನು ಓದಿದವರೂ ನೆನಪನ್ನು ಕಾಪಾಡಿದವರೂ ಒಂದೆಡೆ ಕೂಡುವುದು ಹಿಂದೆ ದುಬಾರಿಯಾಗಿತ್ತು. ಈಗ ಸಂಜೆ ಆರೂವರೆಗೆ ನಾವು ಕೂಡಿದರೆ ಬಾಸೆಲ್‌ನಲ್ಲಿ ಬೇಸಿಗೆಯಾದರೆ ಮಧ್ಯಾಹ್ನ ಮೂರು ಗಂಟೆ, ಚಳಿಗಾಲವಾದರೆ ಎರಡು ಗಂಟೆ. ಚರ್ಚೆಯು ಕನ್ನಡದಲ್ಲಿ ನಡೆಯಬೇಕು. ಅನ್ಯಭಾಷೆಯ ಉಪನ್ಯಾಸಕ್ಕೆ ಕನ್ನಡದ ಅಡಿಬರಹವಿರಬೇಕು. ಇಲ್ಲವಾದರೆ ಆಹ್ವಾನವಿದ್ದೂ ಬಾಗಿಲು ಮುಚ್ಚಿದಂತೆಯೇ.

ಆತಿಥೇಯರ ಕೆಲಸವು ಇಲ್ಲಿ ಯಂತ್ರ ನಿರ್ವಹಣೆಗಿಂತ ದೊಡ್ಡದು. ಪ್ರತಿ ಗೋಷ್ಠಿಗೂ ಒಬ್ಬ ನಿರ್ವಾಹಕರು ಬೇಕು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸುವುದು, ನಿಂದೆಯ ಮಾತನ್ನು ತಡೆಯುವುದು, ವಿದ್ವಾಂಸರ ಪರಿಭಾಷೆಯನ್ನು ಬಿಡಿಸಿ ಹೇಳಿಸುವುದು ಅವರ ಹೊಣೆ. ಮನೆಯ ನೆನಪು ದಾಖಲೆಗೆ ವಿರುದ್ಧವಾದಾಗ ಯಾವುದನ್ನೂ ಅವಸರದಿಂದ ತಳ್ಳಿಹಾಕಬಾರದು. ದಾಖಲೆಯನ್ನು ಬರೆದವನಿಗೂ ಒಂದು ದೃಷ್ಟಿಯಿತ್ತು. ನೆನಪೂ ಕಾಲಾಂತರದಲ್ಲಿ ಬದಲಾಗುತ್ತದೆ. ಎರಡನ್ನೂ ಪರೀಕ್ಷಿಸಬೇಕು.

ಇನ್ನೊಂದು ಎಚ್ಚರಿಕೆಯು ಸಭಾಪಾಲಕರಿಗೆ ವಿಶೇಷವಾಗಿ ಸಲ್ಲುತ್ತದೆ. ಹಳೆಯ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ತಂದೆತಾಯಿಯರ ಹೆಸರಿನೊಡನೆ ಪೂರ್ವದ ಜಾತಿಯೂ ನಮೂದಾಗಿರಬಹುದು. ಸಂಶೋಧಕರಿಗೆ ಅದು ಆಧಾರ; ಇಂದು ಅದೇ ಊರಿನಲ್ಲಿ ಬಾಳುವ ಕುಟುಂಬಕ್ಕೆ ಅದು ಅವಮಾನಕ್ಕೆ ಕಾರಣವಾಗಬಹುದು. ಕೊಠಡಿಯಲ್ಲಿ ಆಡಿದ ಮಾತು ಕೊಠಡಿಯಲ್ಲೇ ಉಳಿದೀತು. ಅಂತರ್ಜಾಲದಲ್ಲಿ ತೋರಿಸಿದ ಪುಟವನ್ನು ಹಿಂತೆಗೆದುಕೊಳ್ಳಲಾಗದು. ಆದ್ದರಿಂದ ಕುಟುಂಬದ ಒಪ್ಪಿಗೆಯಿಲ್ಲದೆ ಇಂಥ ಪುಟವನ್ನು ಪರದೆಯ ಮೇಲೆ ತರಬಾರದು. ಧ್ವನಿಮುದ್ರಣ ಎಲ್ಲಿ ಉಳಿಯುತ್ತದೆ, ಯಾರು ನೋಡಬಹುದು ಎಂಬುದನ್ನೂ ಮೊದಲೇ ತಿಳಿಸಬೇಕು.

ಲೂಕನು ತನ್ನ ಸುವಾರ್ತೆಯ ಪೀಠಿಕೆಯಲ್ಲಿ ಕಣ್ಣಾರೆ ಕಂಡವರನ್ನು ಸ್ಮರಿಸುತ್ತಾನೆ. ತಾನು ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆದುದಾಗಿಯೂ ತಿಳಿಸುತ್ತಾನೆ. ಸಾಕ್ಷಿಯನ್ನು ಗೌರವದಿಂದ ಆಲಿಸುವುದು, ಆಲಿಸಿದ್ದನ್ನು ಶ್ರದ್ಧೆಯಿಂದ ಪರಿಶೀಲಿಸುವುದು, ಇವೆರಡೂ ಕೂಡಿದಾಗ ಮಾತ್ರ ಸಮ್ಮೇಳನವು ಜನರದ್ದೂ ಆಗುತ್ತದೆ, ವಿದ್ವತ್ತಿನದ್ದೂ ಆಗುತ್ತದೆ.